ಕಾಸ್ನಿ

ಬಾರ್ ಎಂಬ ಕಡಲೂರಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟ ರೈಲು
ಕೊಲಾಶಿನ್ನಿನಲ್ಲಿ ನಿಂತಿತು.
ನಿಂತದ್ದು ನಿಂತೇ ಇತ್ತು.

ಸುರಂಗ ಎಣಿಸುತ್ತಿದ್ದ ಫಿಲೋಮಿನಾ
ಲೆಕ್ಕ ತಪ್ಪಬಾರದೆಂದು
ಮಡಚಿದ ಬೆರಳನ್ನು ಮಡಚಿಯೇ ಹಿಡಿದಿದ್ದಳು.
ಒಂದು ಗಂಟೆಯ ಮೇಲೆ ಬಿಟ್ಟಳು.

ಫಲಕದಲ್ಲಿ ಒಂದೇ ಪದ: ಕಾಸ್ನಿ.
ಕಾಸ್ನಿ ಅರವತ್ತು. ಕಾಸ್ನಿ ನೂರಿಪ್ಪತ್ತು.
ತಡ ಅಂತ ಅದರ ಅರ್ಥ, ನಿಮಿಷಗಳ ಲೆಕ್ಕದಲ್ಲಿ.
"ಕಾಸು ಕೊಟ್ಟದ್ದಕ್ಕೆ ಕಾಸ್ನಿ ಬಂತು," ಎಂದಳು ಗುಣವತಿ.
ನಕ್ಕೆವು.
ಮೂರನೆಯ ಸಲ ಹೇಳಿದಾಗ ನಗು ಬರಲಿಲ್ಲ.

ರಾತ್ರಿಯ ರೈಲು ಬೇಡ, ಸೇತುವೆ ಕಾಣುವುದಿಲ್ಲ ಎಂದು
ಹಟ ಹಿಡಿದು ಹಗಲಿನ ಟಿಕೆಟ್ ಮಾಡಿಸಿದವಳು ನಾನು.
ಯಾರೂ ಅದನ್ನು ಎತ್ತಿ ಆಡಲಿಲ್ಲ.
ಆಡದೆ ಇರುವುದರಲ್ಲಿ ಗುಣವತಿಯದು ಪಳಗಿದ ಕೈ.
ಇಪ್ಪತ್ತಾರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ
ಎದುರುಬದುರು ಕೂತವಳಿಗೆ ಗೊತ್ತು,
ಅವಳು ಕನ್ನಡಕ ಒರೆಸುವ ಬಗೆಯಲ್ಲೇ ಇರುತ್ತದೆ
ಬೈಗುಳದ ಅಳತೆ.

ಟಿಕೆಟ್ ನೋಡುವ ವೆಸೆಲಿನ್
ಟೊಪ್ಪಿಗೆ ತೆಗೆದು ಮೊಣಕಾಲಿಗೆ ತೊಡಿಸಿ
ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚಿದ.
ಎಂಜಿನ್ ಏನಾಯಿತು ಎಂದು ಕೈಯಲ್ಲಿ ಕೇಳಿದೆವು.
ಅಂಗೈಯನ್ನು ಕೆನ್ನೆಗೊತ್ತಿ ಕಣ್ಣು ಮುಚ್ಚಿದ.
ಇನ್ನೊಂದು ಬರುವುದಿಲ್ಲವೇ?
ಬೆಟ್ಟದ ಕಡೆ ಗದ್ದ ಎತ್ತಿದ.
ಪೊಲಾಕೊ, ಎಂದ. ಪೊಲಾಕೊ.
ಮೆಲ್ಲಗೆ, ಆಗಲಿ ಬಿಡಿ, ಯಾರ ಮನೆಗೆ ಬೆಂಕಿ ಬಿದ್ದಿದೆ
ಎಲ್ಲವೂ ಆ ಮೂರಕ್ಷರದಲ್ಲೇ.

ಸೈನಿಕ ಹುಡುಗನೊಬ್ಬ ಬೂಟು ಬಿಚ್ಚಿ
ಹುಲ್ಲಿನಲ್ಲಿ ಕಾಲು ಚಾಚಿದ, ಕಾಲ್ಚೀಲದ ತೂತಿನಿಂದ
ಹೆಬ್ಬೆರಳು ಊರು ನೋಡುತ್ತಿತ್ತು.
ಕಪ್ಪು ಶಾಲಿನ ಅಜ್ಜಿ
ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಟ್ಟು
ನೆಮ್ಮದಿಯಾಗಿ ಸರ್ಕಾರವನ್ನು ಬೈದಳು.
ಯಾರೋ ಮದುವೆಗೆಂದು ಒಯ್ಯುತ್ತಿದ್ದ ಕೇಕು
ಬಿಸಿಲಿಗೆ ಬೆವರಿ ಬೆವರಿ
ನಾಲ್ಕರ ಹೊತ್ತಿಗೆ ಬೋಗಿಗೆಲ್ಲ ಹಂಚಿಹೋಯಿತು.
ನಮ್ಮ ಪಾಲಿಗೆ ಬಂದದ್ದು ಸಕ್ಕರೆಯಲ್ಲಿ ಬರೆದ ಎರಡಕ್ಷರ.
ವಧುವಿನದೋ ವರನದೋ, ಓದಲು ಬಾರದೆ
ತಿಂದುಬಿಟ್ಟೆವು.

ಕಾಸ್ನಿ ಮುನ್ನೂರು.
ರೈಲಿನ ನಲ್ಲಿಯಲ್ಲಿ ನೀರು ಮುಗಿದಿತ್ತು.
ಬಕೆಟ್ಟಿನಲ್ಲಿ ರಾಸ್ಪ್‌ಬೆರಿ ಮಾರುತ್ತಿದ್ದ ಸ್ತಾನಾಳ ಹಿಂದೆ
ಫಿಲೋಮಿನಾ ಹಳಿ ದಾಟಿ ಅವಳ ಮನೆಗೆ ಹೋದಳು,
ಐದೇ ನಿಮಿಷ ಎಂದು.
ಹೋದವಳು ಹೋದಳೇ.

ಆಗ ನೋಡಿ,
ಇಡೀ ದಿನ ಯಾರೆಷ್ಟು ಶಪಿಸಿದರೂ ಏಳದ ರೈಲು
ಸಿಳ್ಳೆಯೂ ಇಲ್ಲದೆ, ಕಳ್ಳಬೆಕ್ಕಿನ ಹಾಗೆ
ಮುಂದಕ್ಕೆ ಜರುಗಿತು.

ನಾನು ಕೂಗಿದ್ದು ಕನ್ನಡದಲ್ಲಿ.
ಕ್ಲಾಸಿನಲ್ಲೂ ದನಿ ಎತ್ತದ ಗುಣವತಿ
ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ
ಕೊಡೆ ಬೀಸುತ್ತ, ತನಗೆ ಬರುತ್ತಿದ್ದ ಒಂದೇ ಮಾತನ್ನು
ಎಂಜಿನ್ನಿಗೆ ಎಸೆದಳು:
ಪೊಲಾಕೊ! ಪೊಲಾಕೊ!
ಅಜ್ಜಿ ಹಲ್ಲಿಲ್ಲದೆ ಕೂಗಿದಳು.
ಸೈನಿಕ ಕೂಗಿದ, ಕೇಕಿನವನೂ.
ವೆಸೆಲಿನ್ ಪೀಪಿ ಊದಿದ.

ಹುಲ್ಲಿನ ನಡುವೆ ಫಿಲೋಮಿನಾ ಓಡಿ ಬಂದಳು,
ಚಪ್ಪಲಿ ಒಂದು ಕೈಯಲ್ಲಿ, ಜಾಮಿನ ಶೀಶೆ ಇನ್ನೊಂದರಲ್ಲಿ.
ಅವಳ ಹಿಂದೆ ಸ್ತಾನಾ, ಅವಳು ಮರೆತ ಕನ್ನಡಕ ಹಿಡಿದು.
"ಕಾಫಿ ಇಟ್ಟಿದ್ದರು ಕಣೇ,
ಬೇಡ ಅನ್ನೋದಕ್ಕೆ ಇವರ ಭಾಷೇಲಿ ಏನಂತಾರೆ?"

ಬಿಯೆಲೊ ಪೋಲ್ಯೆಯ ಫಲಕದಲ್ಲಿ
ಕಾಸ್ನಿ ಮುನ್ನೂರ ಅರವತ್ತೆರಡು.
"ಮುನ್ನೂರ ಅರವತ್ತು ರೈಲಿನದು," ಎಂದಳು ಗುಣವತಿ.
ಉಳಿದ ಎರಡರ ಮಾತು
ಯಾರೂ ಎತ್ತಲಿಲ್ಲ.

ಮುಂದಿನ ಸೇತುವೆಗಳೆಲ್ಲ ಕತ್ತಲಲ್ಲಿ ದಾಟಿದವು.
ಗಾಲಿಯ ಸದ್ದು ಟೊಳ್ಳಾದರೆ ಸೇತುವೆ,
ಕಿವಿ ಮುಚ್ಚಿಕೊಂಡರೆ ಸುರಂಗ.
ಕನ್ನಡಿಯಾದ ಕಿಟಕಿಯಲ್ಲಿ
ಮೂವರ ತುಟಿಗೂ ಜಾಮಿನ ಬಣ್ಣ.
ಫಿಲೋಮಿನಾ ಬೆರಳು ಮಡಚಿದಳು:
ಒಂದು.