ಕೆಲಸದ ವೇಳೆ

ಅರ್ಜಿಯ ಆರನೇ ಪುಟದಲ್ಲಿ ಒಂದು ಚೌಕ.
ಕೇಂದ್ರದ ಕೆಲಸದ ವೇಳೆ: ಇಷ್ಟರಿಂದ ಇಷ್ಟರವರೆಗೆ.
ಎರಡು ಅಂಕಿ ಬಿಟ್ಟು ಬೇರೇನೂ ಅದರಲ್ಲಿ ಹಿಡಿಯದು.

ಕುಮಟೆಯ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನೆದುರು
ಗಂಟೆಗೆ ಮೂವತ್ತು ರೂಪಾಯಿಯಂತೆ ಕೂತು ಯೋಚಿಸಿದೆ,
ಅಘನಾಶಿನಿಗೆ ಹಾಜರಿ ಪುಸ್ತಕ ಇಟ್ಟವರು ಯಾರು?

ಅಮಾವಾಸ್ಯೆಗೆ ಐದಕ್ಕೇ ನೀರಿಳಿಯುತ್ತದೆ.
ಮರುದಿನ ಮುಕ್ಕಾಲು ಗಂಟೆ ತಡ,
ಅದರ ಮರುದಿನ ಇನ್ನೂ ತಡ.
ಇಳಿದಾಗ ಹೆಂಗಸರು ಸೊಂಟದ ಮಟ್ಟ ಹೊಳೆಗಿಳಿದು
ಕಾಲ್ಬೆರಳಲ್ಲೇ ಬಳಚು ಹುಡುಕುತ್ತಾರೆ.
ಅಷ್ಟು ಹೊತ್ತು ಕೂಸುಗಳು ನಮ್ಮ ಹತ್ತಿರ:
ಮುಚ್ಚಿದ ಐಸ್ ಫ್ಯಾಕ್ಟರಿಯ ಜಗಲಿ,
ಹರಿದ ಬಲೆಯ ಜೋಲಿ ಹನ್ನೊಂದು,
ಬುಧವಂತಿಯ ಕೈ ಎರಡು.

ಹೋದ ವರ್ಷದ ಅರ್ಜಿ ನನ್ನದಲ್ಲ.
ಹೊನ್ನಾವರದ ಯಾವುದೋ ಸಂಸ್ಥೆಯದನ್ನು ತಂದು
ಹೆಸರು ಬದಲಿಸಿ ಕಳಿಸಿದ್ದೆ.
ಸಬಲೀಕರಣ ಒಂಬತ್ತು ಸಲ. ಬಳಚು ಒಂದೂ ಇಲ್ಲ.
ಒಂದು ಕಡೆ ಹೆಸರು ಬದಲಿಸುವುದೂ ಮರೆತಿತ್ತು.
ಉತ್ತರ ಬಂತು, ತಮ್ಮ ಸೇವೆಗೆ ನಮನಗಳು, ಆದರೆ.
ಆ ಆದರೆಯನ್ನು ಸಂಘದ ಸಭೆಯಲ್ಲಿ ಓದಿದಾಗ
ಬುಧವಂತಿ ಕೇಳಿದಳು,
"ನಾವು ಯಾರು ಅಂತ ಬರ್ದಿದ್ಯಾ,
ಬರೀ ಎಂತ ಬೇಕು ಅಂತ್ಲಾ?"

ಈ ಸಲ ಬರೆಯುವ ಮೊದಲು ಫೋನು ಮಾಡಿದೆ.
ಪ್ರತಿಷ್ಠಾನಕ್ಕೂ ಒಂದು ದನಿಯಿದೆ,
ಆ ದನಿಗೆ ನೆಗಡಿಯಾಗಿದೆ
ಎಂದು ತಿಳಿದೇ ಅರ್ಧ ಹೆದರಿಕೆ ಹೋಯಿತು.
ಯಾವುದಕ್ಕೆ ಕೊಡುತ್ತೀರಿ ಎಂದೆ,
ಯಾವುದಕ್ಕೆ ಕೊಡುವುದಿಲ್ಲ ಅದನ್ನೂ ಹೇಳಿಬಿಡಿ ಎಂದೆ.
ಆಕೆ ನಕ್ಕು ಸೀನಿದರು.
ತೊಟ್ಟಿಲಿಗೆ ಕೊಡುತ್ತೇವೆ, ಹಾಲಿಗೆ, ಚಾಪೆಗೆ.
ಸಂಬಳಕ್ಕೆ ಮಾತ್ರ ಕಷ್ಟ.
ಅಂದರೆ
ತೂಗುವ ಕೈಗೆ ಇಲ್ಲ.

ನಿಮ್ಮ ಪಾಲು ಎಷ್ಟು ಎಂಬ ಕಲಮು.
ಬುಟ್ಟಿಗೊಂದು ಬೊಗಸೆ ತೆಗೆದಿಟ್ಟು
ಶನಿವಾರ ಮಾರಿದ ಬಳಚಿನ ದುಡ್ಡು, ವರ್ಷಕ್ಕೆ
ಹದಿನಾಲ್ಕು ಸಾವಿರದ ಇನ್ನೂರ ಅರವತ್ತು.
ಲೆಕ್ಕ ನೋಡುವ ಶಾನಭಾಗರು ಕನ್ನಡಕ ಇಳಿಸಿ
ರಸೀದಿ ಎಲ್ಲಿ ಎಂದರು.
ಬೊಗಸೆಗೆ ಎಂತ ರಸೀದಿ ಎಂದು ಜಗಳ ಮಾಡಿ
ಆಮೇಲೆ ಅಚ್ಚು ಹಾಕಿಸಿದೆವು.
ಆ ಪುಸ್ತಕ ಈಗಲೂ ಹೊಳೆಯ ವಾಸನೆ ಹೊಡೆಯುತ್ತದೆ.
ಸ್ಕ್ಯಾನ್ ಮಾಡಿದ ಹುಡುಗ ಮೂಗು ಮುಚ್ಚಿಕೊಂಡ.
ವಾಸನೆ ಮಾತ್ರ ಲಗತ್ತಾಗಲಿಲ್ಲ.

ಮೂರು ವರ್ಷದ ಮೇಲೆ ಹೇಗೆ ನಡೆಸುವಿರಿ?
ಗೊತ್ತಿಲ್ಲ ಎಂದು ಬರೆದೆ. ಅಳಿಸಿದೆ.
ಪಂಚಾಯತಿಗೆ ಕೊಟ್ಟ ಮನವಿಯ ದಿನಾಂಕ ಬರೆದೆ,
ಬುಧವಂತಿಯಿಂದ ಕೆಲಸ ಕಲಿಯುತ್ತಿರುವ ಇಬ್ಬರ ಹೆಸರು ಬರೆದೆ,
ಬಳಚು ವರ್ಷದಿಂದ ವರ್ಷಕ್ಕೆ ಕಮ್ಮಿ ಎಂಬುದನ್ನೂ.
ಕೊನೆಗೆ ಮತ್ತೆ, ಪೂರ್ತಿ ಗೊತ್ತಿಲ್ಲ.
ಈ ಸಲ ಅಳಿಸಲಿಲ್ಲ.

ವೇಳೆಯ ಚೌಕಕ್ಕೆ ಸೊನ್ನೆಯಿಂದ ಇಪ್ಪತ್ನಾಲ್ಕು ತುಂಬಿದೆ.
ಜೊತೆಗೆ ಗೋಡೆಯ ಪಂಚಾಂಗದ ಹನ್ನೆರಡು ಹಾಳೆ,
ತಿಥಿಯ ಪಕ್ಕ ಪೆನ್ಸಿಲಿನಲ್ಲಿ ನೀರಿನ ಹೊತ್ತು.

ಆಕೆ ನೋಡಲು ಬಂದದ್ದು ಹುಣ್ಣಿಮೆಯ ಹನ್ನೊಂದಕ್ಕೆ.
ಹೊಳೆ ತುಂಬಿ ನಿಂತಿತ್ತು.
ಜೋಲಿಗಳು ಖಾಲಿ. ಜಗಲಿಯಲ್ಲಿ ನಾಯಿಯೊಂದು ಮಲಗಿತ್ತು.
ಕೈಗಡಿಯಾರ ನೋಡಿಕೊಂಡರು. ನನಗೆ ಬೆವರು.
"ಅದು ಬ್ಯಾಂಕಿನ ಹೊತ್ತು ಬಾಯೋರೆ,
ನಮ್ದು ಐದಕ್ಕೆ" ಎಂದಳು ಬುಧವಂತಿ,
ಗಂಜಿ ಬಡಿಸಿದಳು, ಶುಂಠಿ ಕಷಾಯ ಕೊಟ್ಟಳು.
ಕಾರು ವಾಪಸು ಹೋಗಲಿಲ್ಲ.

ಐದಕ್ಕೆ ಕೆಸರು ಕಂಡಿತು.
ಒಬ್ಬೊಬ್ಬರೇ ಬಂದು ಕೂಸು ಇಳಿಸಿ ಹೋದರು.
ಒಂಬತ್ತು, ಹತ್ತು, ಹನ್ನೊಂದು. ಅವತ್ತು ಹನ್ನೆರಡನೆಯದೊಂದು.
ನಾನು ಒಂದನ್ನು ಎತ್ತಿದ್ದೆ,
ಬುಧವಂತಿ ಎರಡನ್ನು, ಕಾಲಲ್ಲಿ ಮೂರನೆಯದನ್ನು ತೂಗುತ್ತಿದ್ದಳು.
ನಾಗವೇಣಿ ಯಾರೆಂದು ನೋಡದೆ
ಹನ್ನೆರಡನೆಯದನ್ನು ಆಕೆಯ ಮಡಿಲಿಗೆ ಹಾಕಿ
ಬುಟ್ಟಿ ಎತ್ತಿಕೊಂಡು ನಡೆದಳು.
ಸಂಬಳದ ಮಾತು ಯಾರೂ ಎತ್ತಲಿಲ್ಲ.
ಪೆನ್ನು ಕೆಳಗೆ ಬಿದ್ದಿತ್ತು. ಎತ್ತಿಕೊಳ್ಳಲು
ಆಕೆಗೆ ಕೈ ಬಿಡುವಿರಲಿಲ್ಲ.

ಪ್ರತಿಷ್ಠಾನದ ಕಾಗದ ಇನ್ನೂ ಬಂದಿಲ್ಲ.
ನಾಳೆ ಏಳೂಕಾಲಿಗೆ ತೆರೆಯಬೇಕು.