ಕರಿಹಲಗೆ

ಖಡಕಿಯಲ್ಲಿ ಮರಾಠಿಯವರ ಆರಾಧನೆ ಮುಗಿದ ಮೇಲೆ
ಆ ಬೆಂಚುಗಳ ಬಿಸಿ ಆರುವ ಮೊದಲೇ ನಾವು ಕೂರುತ್ತೇವೆ,
ಭಾನುವಾರ ನಾಲ್ಕು ಗಂಟೆಗೆ, ಬಾಡಿಗೆಯ ದೇವಾಲಯದಲ್ಲಿ,
ಬೆಟಗೇರಿಯ ಮಗ್ಗ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು.
ಮೂವತ್ತೊಂದು ಜನ. ಮಳೆಯಿದ್ದರೆ ಹತ್ತೊಂಬತ್ತು.

ಬಾಗಿಲ ಬಳಿಯ ಕರಿಹಲಗೆ ನನ್ನ ಪಾಲಿನ ಸೇವೆ.
ಹಾಡಿನ ನಂಬರು, ಕಾಣಿಕೆಯ ಲೆಕ್ಕ,
ಬುಧವಾರದ ಪ್ರಾರ್ಥನೆ ಯಾರ ಮನೆಯಲ್ಲಿ.
ಇಪ್ಪತ್ತಾರು ವರ್ಷ ಬರೆದೂ ಬರೆದೂ
ನಮ್ಮ ಮಾತಿನ ಜಾಡು ನನಗೆ ಬಾಯಿಪಾಠ:
ಕೆಲಸ ಹೋದರೆ ‘ಶೋಧನೆ’,
ಸಾಲ ಕೇಳುವುದಿದ್ದರೆ ‘ಒಂದು ಭಾರವಿದೆ, ಹಂಚಿಕೊಳ್ಳಬೇಕು’,
ಬರುವುದಿಲ್ಲ ಎನ್ನಲು ‘ಕರ್ತನ ಚಿತ್ತವಾದರೆ ಬರುತ್ತೇನೆ’.
ಸುಳ್ಳಲ್ಲ ಇದು. ಚಪ್ಪಲಿ ಹೊರಗೆ ಬಿಟ್ಟು
ಒಳಗೆ ಬರಿಗಾಲಲ್ಲಿ ನಡೆಯುವಂಥ ಒಂದು ಅಭ್ಯಾಸ.

ಮನೆಯಲ್ಲಿ ನಾವಾಡುವುದು ಬೇರೆ, ಅರ್ಧ ಗದಗ,
ಅರ್ಧ ಭಾಜಿಯವನೊಡನೆ ಜಗಳಾಡಿ ಕಲಿತ ಮರಾಠಿ.
ದೇವರಿಗೆ ಮಾತ್ರ ಇಸ್ತ್ರಿ ಮಾಡಿದ ಕನ್ನಡ,
ಬಾಸೆಲ್ ಪಾದ್ರಿಗಳು ಮಡಿಚಿಟ್ಟು ಹೋದ
ಗೆರೆಗಳಲ್ಲೇ ಮತ್ತೆ ಮಡಿಚಿ.

ತಬಿತವ್ವನೊಬ್ಬಳು ಇದಕ್ಕೆ ಸೇರಿದವಳಲ್ಲ.
ಪ್ರಾರ್ಥನೆಗೆ ಎದ್ದು ನಿಂತರೆ:
‘ಏನಪಾ ಸ್ವಾಮಿ, ನಳಾ ಮೂರು ದಿನಾ ಆತು ಬಂದಿಲ್ಲ.
ನಿನಗ ಗೊತ್ತೈತಿ. ಮತ್ತ ಯಾಕ ನನ್ನ ಬಾಯಿಲೆ ಹೇಳಸ್ತಿ?’
ಹುಡುಗರು ನಗುತ್ತಿದ್ದರು. ಸಭಾಪಾಲಕರು ಕೆಮ್ಮುತ್ತಿದ್ದರು.
ನಮ್ಮ ‘ಅನುದಿನದ ಆಹಾರ’
ಅವಳ ಬಾಯಲ್ಲಿ ‘ಇವತ್ತಿನ ರೊಟ್ಟಿ’.
ನಾಳಿನದನ್ನು ಅವಳು ಬೇಡಿದ್ದು ನಾನಂತೂ ಕೇಳಿಲ್ಲ.

ಲೆಂಟಿನ ಎರಡನೆಯ ವಾರ ಅವಳ ಮಗ ಸಿಲ್ವಾನ
ಮದ್ದಿನ ಕಾರ್ಖಾನೆಯ ಕ್ಯಾಂಟೀನಿನ ಸಾಲಿನಲ್ಲಿ ಕುಸಿದ.
ಮುಷ್ಟಿ ಬಿಡಿಸಿದಾಗ
ಊಟದ ಟೋಕನ್ನು ಬೆವರಿಗೆ ಒದ್ದೆಯಾಗಿತ್ತಂತೆ.
ನಾನು ಕೈತೊಳೆದು, ಹೊಸ ಸೀಮೆಸುಣ್ಣ ತೆಗೆದು
ಯಾವಾಗಲೂ ಬರೆಯುವ ಹಾಗೇ ದುಂಡಗೆ ಬರೆದೆ:
‘ನಮ್ಮ ಪ್ರಿಯ ಸಹೋದರ ಸಿಲ್ವಾನ ಬೇವಿನಕಟ್ಟಿ
ಕರ್ತನಲ್ಲಿ ನಿದ್ರೆಹೋದರು.’

ಬೈಬಲ್ಲು ಓದುವಂತೆ ಬೆರಳಿಟ್ಟು ಓದಿದಳು ತಬಿತವ್ವ.
ಬೆರಳಿಗೆ ಸುಣ್ಣ ಹತ್ತಿತು.
‘ಅಳಸ್ರಿ ಇದನ್ನ.’
‘ಯಾಕವ್ವಾ?’
‘ನಿದ್ದೀನ ಆಗಿದ್ರ ಎಬ್ಬಸಾಕ ನಾನ ಸಾಕಿದ್ದೆ.
ಮೊದಲನೇ ಪಾಳಿ ಇದ್ದಾಗ ನಸಕನ್ಯಾಗ
ಒಂದ ಸಲ ಅಂಗಾಲು ಮುಟ್ಟಿದ್ರ ಏಳ್ತಿದ್ದ.
ಮೊನ್ನೆ ಮುಟ್ಟೇನಿ ನಾ.
ಸತ್ತಾನ ಅಂತ ಬರೀರಿ.
ಸಾಯದವನ್ನ ಎಬ್ಬಸಾಕ ಅಂವ ಯಾಕ ಬರಬೇಕು?’

ಸಭಾಪಾಲಕರ ಕಡೆ ನೋಡಿದೆ.
ಅವರು ಹಾಡಿನ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು.
ಬಟ್ಟೆ ಸಿಗದೆ ಅಂಗೈಯಲ್ಲೇ ಒರೆಸಿದೆ.
ಮೂರೇ ಅಕ್ಷರ.
ಸ ಬರೆದು, ತ ಬರೆದು, ಒತ್ತು ಕೊಡುವಾಗ
ಸೀಮೆಸುಣ್ಣ ಮುರಿಯಿತು.
ಇಪ್ಪತ್ತಾರು ವರ್ಷದಲ್ಲಿ ಆ ಹಲಗೆಯ ಮೇಲೆ
ಯಾರೂ ಸತ್ತಿರಲಿಲ್ಲ.

ಮರುವಾರ ಮರಾಠಿಯವರು ಪಕ್ಕದಲ್ಲೇ
ತಮ್ಮದೊಂದು ಮದುವೆಯ ಸುದ್ದಿ ಬರೆದರು.
ಲಿಪಿ ಬಾರದವರು, ನಮ್ಮದನ್ನು ಅಳಿಸಲಿಲ್ಲ.

ಈಸ್ಟರಿನ ಸಂಜೆ
‘ಕ್ರಿಸ್ತನು ಎದ್ದಿದ್ದಾನೆ’ ಎಂದರು ಸಭಾಪಾಲಕರು.
‘ನಿಜವಾಗಿಯೂ ಎದ್ದಿದ್ದಾನೆ’ ಎಂದೆವು ನಾವು,
ಒಂದೇ ದನಿಯಲ್ಲಿ, ಇಸ್ತ್ರಿ ಕೆಡದ ಹಾಗೆ.
ತಬಿತವ್ವ ಒಂದು ಉಸಿರು ತಡವಾಗಿ, ತನ್ನ ಮಾತಿನಲ್ಲಿ.
ಆಗಲೇ ಲೋಣಾವಳದ ಲೋಕಲ್ಲು
ಕಿಟಕಿಗಳನ್ನು ನಡುಗಿಸುತ್ತ ಹಾದುಹೋಯಿತು.
‘ಎದ್ದಾನ’ ಅಂದಳೋ, ‘ಎದ್ದಾನು’ ಅಂದಳೋ,
ಕೊನೆಯ ಸ್ವರ ಗಾಲಿಯಡಿ ಸಿಕ್ಕಿತು.

ಕೇಳೋಣವೆಂದು ತಿರುಗಿದೆ.
ಸೆರಗಿನ ಗಂಟು ಬಿಚ್ಚಿ
ಕಾಣಿಕೆಗೆ ಚಿಲ್ಲರೆ ಎಣಿಸುತ್ತಿದ್ದಳು.
ನಾಣ್ಯಗಳ ನಡುವೆ ಆ ಟೋಕನ್ನೂ ಇತ್ತು.
ಅದನ್ನು ಮಾತ್ರ
ಮತ್ತೆ ಗಂಟಿಕ್ಕಿದಳು.