ತುತ್ತು

ಅಲಾಸ್ಕಾದ ಆಂಬ್ಲರ್‌ನಲ್ಲಿ ನಾನು ಲೆಕ್ಕದ ಮೇಷ್ಟ್ರು.
ಹನ್ನೊಂದು ಮಕ್ಕಳು, ಒಂದು ಬೋರ್ಡು, ಕಿಟಕಿಯಾಚೆ ಕೊಬುಕ್ ಹೊಳೆ.
ಬಂದ ವಾರವೇ ಎಲ್ವುಡ್ ಆಚೆ ದಡಕ್ಕೆ ಬೆರಳು ತೋರಿಸಿ
‘ತುತ್ತು’ ಎಂದ.
ಹಸಿದಿದ್ದಾನೆ ಅಂದುಕೊಂಡು ನನ್ನ ಡಬ್ಬಿ ಬಿಚ್ಚಿದೆ.
ತರಗತಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ.
ಅವರ ಮಾತಿನಲ್ಲಿ ಕ್ಯಾರಿಬೂವಿನ ಹೆಸರೇ ಅದು:
ತುತ್ತು.

ಆ ವರ್ಷ ಅವು ಹೊತ್ತಿಗೆ ಸರಿಯಾಗಿ ಬಂದಿದ್ದವು.
ಹೆಣ್ಣಿಗೂ ಕೊಂಬು. ಕರುವಿಗೆ ತಾಯಿಯ ಬಾಲವೇ ದಾರಿ.
ಈಜುವಾಗ ಎಲೆಯುದುರಿದ ತೋಪೊಂದು ನೀರಮೇಲೆ ಸರಿದಂತೆ,
ದಡ ಹತ್ತಿ ನಡೆದರೆ ಗಿಣ್ಣುಗಳಲ್ಲಿ ಚಿಟಚಿಟ,
ಸಾವಿರ ಮುದುಕಿಯರು ದೃಷ್ಟಿ ನಿವಾಳಿಸಿ
ಒಟ್ಟಿಗೆ ನೆಟಿಗೆ ಮುರಿದ ಹಾಗೆ.

ಮರುವರ್ಷ ಸರಾಸರಿಯ ಪಾಠ.
ಲೆನೋರಾ ಅಜ್ಜಿಯ ಅಡುಗೆಮನೆ ಗೋಡೆಯಿಂದ
ತಾರೀಕು ಬರೆದು ತರಲು ಹೇಳಿದೆ:
ಮೊದಲ ಹಿಂಡು ಹೊಳೆ ದಾಟಿದ ದಿನ,
ಮೂವತ್ತು ವರ್ಷದ್ದು, ಪೆನ್ಸಿಲ್ಲಿನಲ್ಲಿ.
ಆಗಸ್ಟ್ ಇಪ್ಪತ್ತೆಂಟು. ಸೆಪ್ಟೆಂಬರ್ ಎರಡು. ಆಗಸ್ಟ್ ಮೂವತ್ತು.
ಕೆಳಗೆ ಬಂದಂತೆ ಅಕ್ಟೋಬರ್ ಹತ್ತು. ಸೆಪ್ಟೆಂಬರ್ ಆರು. ನವೆಂಬರ್ ಒಂದು.
ಒಂದು ಸಾಲಿನಲ್ಲಿ ಬರೀ ಗೆರೆ.
ಕೂಡಿದೆವು, ಭಾಗಿಸಿದೆವು. ಸೆಪ್ಟೆಂಬರ್ ಹದಿನೆಂಟು ಎಂದಿತು ಬೋರ್ಡು.
‘ಆ ದಿನ ಅವು ಯಾವ ವರ್ಷವೂ ಬಂದಿಲ್ಲವಲ್ಲ’ ಎಂದ ಎಲ್ವುಡ್.
ಭಾಗಲಬ್ಧಕ್ಕೆ ಕಾಲಿಲ್ಲ ಮಗು, ಅದು ಹೊಳೆ ದಾಟದು,
ಅನ್ನಬೇಕೆನಿಸಿತು. ಅನ್ನಲಿಲ್ಲ.
ಡಸ್ಟರ್ ಹುಡುಕಿದೆ.

ಡಿಸೆಂಬರಿನ ಒಂದು ರಾತ್ರಿ ತಗಡಿನ ಮೇಲೆ ಸದ್ದು.
ಎದ್ದು ಕೂತೆ. ಹುಟ್ಟಿನಿಂದ ಗೊತ್ತಿದ್ದ ಸದ್ದು; ಮೂರ್ಖ ಮನಸ್ಸು ಹಿಗ್ಗಿತು.
ಮಳೆ ಬಂದು ಕೇಡಲ್ಲ, ಮಗ ಉಂಡು ಕೇಡಲ್ಲ.
ಹೊರಗೆ ಲೆನೋರಾ, ತಲೆಗೆ ಏನೂ ಇಲ್ಲದೆ,
ಸ್ಲೆಡ್ಡಿನ ಪಕ್ಕ ಅಂಗೈ ಒಡ್ಡಿ ನಿಂತಿದ್ದಳು,
ಬೇಡುವವಳಂತಲ್ಲ,
ಖೋಟಾ ನಾಣ್ಯ ತೂಗಿ ನೋಡುವವಳಂತೆ.

ನಮ್ಮ ಮಳೆಗಳಿಗೆ ಹೆಸರುಂಟು. ಪಂಚಾಂಗದಲ್ಲಿ ವಾಹನವೂ ಉಂಟು,
ಒಂದಕ್ಕೆ ಕಪ್ಪೆ, ಒಂದಕ್ಕೆ ಕುದುರೆ, ಒಂದಕ್ಕೆ ಕತ್ತೆ.
ಇದು ಯಾವುದರ ಬೆನ್ನೇರಿ ಬಂತೋ.
ಮೂರು ಗಂಟೆ ಸುರಿಯಿತು.
ಬೆಳಗಾಯಿತೆಂದು ಗಡಿಯಾರ ಹೇಳುವ ಹೊತ್ತಿಗೆ
ಸೊನ್ನೆಯಿಂದ ಇಪ್ಪತ್ತು ಡಿಗ್ರಿ ಕೆಳಗೆ, ಊರಿಗೆ ಊರೇ ಗಾಜು.
ಗಾಜಿನಡಿಯಲ್ಲಿ ಅವುಗಳ ಚಳಿಗಾಲದ ಊಟ:
ಅಮ್ಮ ಮಸಾಲೆಗೆ ಹುರಿಯುತ್ತಿದ್ದ ಕಲ್ಲುಹೂವಿನ
ದೂರದ ನೆಂಟ, ಬಿಳಿಚಿದ್ದು, ನೊರೆಯಂಥದ್ದು.
ಕಾಣುತ್ತಿತ್ತು. ಕೊಡುತ್ತಿರಲಿಲ್ಲ.

ನಾಲ್ಕನೆಯ ದಿನ ಎಲ್ವುಡ್‌ನ ಸ್ನೋ ಮೆಷಿನ್ ಹಿಂದೆ ಕೂತು ಹೋದೆ.
ಹೆಪ್ಪಿನ ಮೇಲೆ ಗೊರಸಿನಿಂದ ಕೆರೆದ ಗುರುತು,
ಗುಂಡಗೆ, ಮತ್ತೆ ಗುಂಡಗೆ, ಸ್ಲೇಟಿನ ಮೇಲೆ
ಸೊನ್ನೆ ತಿದ್ದುವ ಮಗುವಿನ ಹಟ. ಅಲ್ಲಲ್ಲಿ ಕೆಂಪು,
ಒಡೆದ ಮಂಜಿನ ಅಂಚು ಕಾಲು ಕೊಯ್ದದ್ದು.
ಒಂದು ಹೆಣ್ಣು ಮಲಗಿದಂತೆ ಮಲಗಿತ್ತು, ಕೊಂಬು ಹಾಗೇ ಇತ್ತು.
ಎಲ್ವುಡ್ ಕೈಗವಸು ಕಳಚಿ ಅದರ ಹೊಟ್ಟೆ ಮುಟ್ಟಿದ.
‘ಎರಡು ಅಂತ ಬರೆದುಕೊಳ್ಳಿ’ ಎಂದ.
ಉಳಿದವು? ಗಾಳಿ ಹಿಮವನ್ನು ಗುಡಿಸುವ ದಿಬ್ಬಗಳಿಗೆ ಹೋಗಿರಬಹುದು.
ಕರಾವಳಿಗೆ ಹೋಗಿರಬಹುದು.
ಗೊತ್ತಿಲ್ಲ ಎನ್ನುವುದನ್ನು ಅವನು ಹುಬ್ಬೆತ್ತಿಯೇ ಹೇಳಿದ.

ಫೆಬ್ರವರಿಯಲ್ಲಿ ಲೆನೋರಾ ಫ್ರೀಜರಿನ ಕೊನೆಯ ತೊಡೆಯನ್ನು
ಗರಗಸದಲ್ಲಿ ಕೊಯ್ದು ಹದಿಮೂರು ಮನೆಗೆ ಹಂಚಿದಳು.
ಬ್ರೆಡ್ಡಿನ ಖಾಲಿ ಕವರಿನಲ್ಲಿ ನನಗೂ ಬಂತು.
ನಾನು ತಿನ್ನುವವನಲ್ಲ. ಅವಳಿಗೆ ಗೊತ್ತು.
ಪಾಲು ಪಾಲೇ, ಎಂದಳು.
ಎಲ್ವುಡ್ ನನ್ನ ಮೇಜಿನಲ್ಲೇ ಕೂತು ಅದನ್ನು ಉಂಡ, ತಲೆಯೆತ್ತದೆ.
ಗಾದೆಯ ಎರಡನೆಯ ಅರ್ಧ ಇನ್ನೂ ನಿಜವಿತ್ತು.

ಈಗ ಮತ್ತೆ ಸೆಪ್ಟೆಂಬರ್. ಹದಿನೆಂಟು ಕಳೆದು ಹೋಯಿತು.
ಹೊಳೆ ಬಿಸಿಲಲ್ಲಿ ಸುಮ್ಮನೆ ಅಗಲವಾಗಿದೆ.
ಅಜ್ಜಿ ಪೆನ್ಸಿಲನ್ನು ಚೂಪು ಮಾಡಿ
ದಾರ ಕಟ್ಟಿ ಗೋಡೆಗೆ ತೂಗುಹಾಕಿದ್ದಾಳೆ.
ಯಾರಾದರೂ ಬಾಗಿಲು ತೆಗೆದರೆ
ಅದು ತುಸು ಅಲ್ಲಾಡುತ್ತದೆ.